ಲಾಯದ ಇಳಿಜಾರು

ಕಿಲಿಮಾನಿ, ನೈರೋಬಿ
4 ಜೂನ್ 2023

ಚಿದಾನಂದ ಭಾವನವರಿಗೆ ಲೀಲಾಳ ನಮಸ್ಕಾರ.

ನಾನು ಚೆನ್ನಾಗಿದ್ದೇನೆ, ನನ್ನ ಮೂಗು ಚೆನ್ನಾಗಿಲ್ಲ. ಕಾರಣ ಆಮೇಲೆ ಹೇಳುತ್ತೇನೆ. ನಿಮ್ಮ ಎಡಗಿವಿಯನ್ನು ಕುದುರೆ ಒದ್ದು ಕೆಡಿಸಿತು, ಬಲಗಿವಿಯನ್ನು ವಯಸ್ಸು ಕೆಡಿಸಿತು, ಎರಡೂ ಸೇರಿ ಫೋನಿನಲ್ಲಿ ನನ್ನ ಗಂಟಲು ಕೆಡಿಸಿದವು. ಹಾಗಾಗಿ ಕಾಗದ. ಕೆಳಗಿನ ಮನೆಯ ಪ್ರಗತಿ ಬುಧವಾರ ಬೆಂಗಳೂರಿಗೆ ಹೊರಟಿದ್ದಾಳೆ. ಅವಳ ಕಂಪನಿಯವರು ಮೂರು ವಾರಕ್ಕೊಮ್ಮೆ ಅವಳನ್ನು ಆ ಕಡೆಗೂ ಈ ಕಡೆಗೂ ಎಸೆಯುತ್ತಿರುತ್ತಾರೆ. ಅವಳ ಅಣ್ಣ ಮೈಸೂರಿನಲ್ಲಿ ನಿಮಗೆ ತಲುಪಿಸುತ್ತಾನೆ.

ನೀವು ನಲವತ್ತು ವರ್ಷ ಕುದುರೆ ಫಾರ್ಮಿನಲ್ಲಿ ಡಾಕ್ಟರಾಗಿದ್ದವರು. ನಾನು ಮೂವತ್ತು ವರ್ಷದಿಂದ ಈ ಊರಿನಲ್ಲಿ ಮನುಷ್ಯರಿಗೆ ಮನೆ ಕಟ್ಟುವ ಆರ್ಕಿಟೆಕ್ಟ್. ಕುದುರೆಯ ಮನೆ ಹೇಗಿರಬೇಕು ಅಂತ ನನಗೆ ಗೊತ್ತಿಲ್ಲ. ಈಗ ಗೊತ್ತಾಗಲೇಬೇಕು.

ಊರಿನ ಪಶ್ಚಿಮಕ್ಕೆ, ಎನ್‌ಗಾಂಗ್ ಬೆಟ್ಟ ಕಾಣುವ ದಿಕ್ಕಿನಲ್ಲಿ, ಥಾರ್ನ್‌ಕೋಟ್ ಎನ್ನುವ ಹಳೆಯ ಎಸ್ಟೇಟ್ ಇದೆ. ಸುಮಾರು ನೂರು ವರ್ಷದ ಹಿಂದೆ ಒಬ್ಬ ಇಂಗ್ಲಿಷ್ ದೊರೆ ಕಾಫಿ ಬೆಳೆಯುತ್ತೇನೆಂದು ಬಂದು, ಕಾಫಿಗಿಂತ ಹೆಚ್ಚಾಗಿ ಕುದುರೆ ಬೆಳೆಸಿದನಂತೆ. ಅವನ ಬಂಗಲೆ ಸಾಧಾರಣ. ಲಾಯದ ಅಂಗಳವನ್ನು ಮಾತ್ರ ನೋಡಬೇಕು ಭಾವ. ಕಮಾನಿನ ಹೆಬ್ಬಾಗಿಲು, ಅದರ ಮೇಲೆ ಗಡಿಯಾರದ ಗೋಪುರ, ಒಳಗೆ ಅರವತ್ತು ಅಡಿ ಚೌಕದ ಅಂಗಳ. ಮೂರು ಕಡೆ ಕುದುರೆಗಳಿಗೆ ಎಂಟು ಕೋಣೆ, ಹೆಬ್ಬಾಗಿಲಿನ ಆಚೀಚೆ ಗಾಡಿಮನೆ ಮತ್ತು ಜೀನು ಇಡುವ ಮನೆ. ಕೈಯಲ್ಲಿ ಕೆತ್ತಿದ ಬೂದು ಕಲ್ಲು. ಮೇಲೆ ಹಡಗಿನಲ್ಲಿ ಬಂದ ಮಂಗಳೂರು ಹೆಂಚು. ಒಂದನ್ನು ತಿರುಗಿಸಿ ನೋಡಿ, ಊರಿನವರು ಸಿಕ್ಕಷ್ಟು ಖುಷಿಪಟ್ಟೆ.

ಖುಷಿ ಅಲ್ಲಿಗೆ ಮುಗಿಯಿತು. ಅದನ್ನು ಕೊಂಡವನು ರಾಜೀವ್, ಬೆಂಗಳೂರಿನವನೇ. ಅಪ್ಪರ್ ಹಿಲ್ಲಿನ ಒಂದು ಬ್ಯಾಂಕಿನಲ್ಲಿದ್ದವನು, ಈಗ ಹೋಟೆಲ್ ಮಾಡುತ್ತಾನೆ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಆರನೇ ಮಹಡಿ. ಹದಿನೈದು ವರ್ಷದ ಹಿಂದೆ ಈ ಅಪಾರ್ಟ್‌ಮೆಂಟಿನ ಪ್ಲಾನ್ ಹಾಕಿದ್ದು ನಾನು ಅಂತ ಅವನಿಗೆ ಯಾರೋ ಹೇಳಿದ್ದಾರೆ. "ಅದು ಗೊತ್ತಾದ್ಮೇಲೆ ಬೇರೆ ಯಾರನ್ನೂ ಕೇಳ್ಲೇ ಇಲ್ಲ ಮೇಡಂ. ಏನ್ ಪ್ಲಾನಿಂಗ್! ಒಂದ್ ಇಂಚೂ ವೇಸ್ಟ್ ಇಲ್ಲ," ಅಂದ. ಹೊಗಳಿಕೆಗೆ ನಾನೂ ಉಬ್ಬಿದೆ. ಆಮೇಲೆ ತನ್ನ ಯೋಜನೆ ಬಿಚ್ಚಿದ. ಕುದುರೆ ಕೋಣೆಗಳಲ್ಲಿ ಊಟದ ಮೇಜು. ಮೇವಿನ ತೊಟ್ಟಿಯಲ್ಲಿ ಸಲಾಡ್. ವೇಟರುಗಳಿಗೆ ಹಳೆಯ ಕಾಲದ ಕುದುರೆಯಾಳುಗಳ ಹಾಗೆ ಖಾಕಿ ಚಡ್ಡಿ, ಕೆಂಪು ಟೋಪಿ, ಬರಿಗಾಲು. "ಬರಿಗಾಲು ಅಂದ್ರೆ ಆಥೆಂಟಿಕ್ ಆಗಿರತ್ತೆ," ಅನ್ನುತ್ತಾನೆ. ನನಗೆ ಅವನ ಮುಖದ ಮೇಲೆ ಆ ಸಲಾಡನ್ನು ಸುರಿಯಬೇಕು ಅನ್ನಿಸಿತು. ಹೇಸಿಗೆ ಅನ್ನುವ ಮಾತು ಇವನಿಗಾಗಿಯೇ ಹುಟ್ಟಿರಬೇಕು.

ಆದರೂ ಕೆಲಸ ಒಪ್ಪಿಕೊಂಡೆ. ನಾನು ಬಿಟ್ಟರೆ ಇನ್ನೂ ಕೆಟ್ಟವರು ಹಿಡಿಯುತ್ತಾರೆ. ಹಳೆಯ ಕಟ್ಟಡವಾದ್ದರಿಂದ ಏನು ಉಳಿಸಬೇಕು, ಏನು ಕೆಡವಬಹುದು ಅಂತ ಕೌಂಟಿ ಕಚೇರಿಗೆ, ಅಂದರೆ ಇಲ್ಲಿನ ನಗರಸಭೆಗೆ, ನಾನು ವರದಿ ಕೊಡಬೇಕು. ನನ್ನ ಸಹಿ ಇಲ್ಲದೆ ಅವನು ಒಂದು ಕಲ್ಲನ್ನೂ ಮುಟ್ಟುವ ಹಾಗಿಲ್ಲ. ನಕ್ಷೆ ಕಳಿಸಿದ್ದೇನೆ. ಹಾಳೆಯ ಎರಡೂ ಮಗ್ಗುಲು ನೋಡಿ. ಕಾಗದ ಉಳಿಸುವ ನನ್ನ ಚಟ ನಿಮಗೆ ಗೊತ್ತೇ ಇದೆ.

ಮೂಗಿನ ವಿಷಯ: ಆ ಅಂಗಳದಲ್ಲಿ ಕುದುರೆ ನಿಂತು ಅರವತ್ತು ವರ್ಷವಾಗಿದೆ, ಮೋಡ ಕಟ್ಟಿದ ದಿನ ಮಾತ್ರ ಉತ್ತರದ ಗೋಡೆಯ ಹಿಂದಿನಿಂದ ಉಚ್ಚೆಯ ವಾಸನೆ ಈಗಲೂ ಬರುತ್ತದೆ. ಮನೆಗೆ ಬಂದು ಸ್ನಾನ ಮಾಡಿದರೂ ಹೋಗುವುದಿಲ್ಲ.

ಮನೆಯಲ್ಲಿ ಎಲ್ಲ ಮಾಮೂಲು. ಹನ್ನೊಂದು ವರ್ಷದಿಂದ ನನ್ನ ಮನೆ ನಡೆಸುತ್ತಿರುವ ಮ್ವಿಕಾಲಿ ಈಗ ಮಂಚದ ಕಾಲಿಗೆ ಇಡಲು ನಾಲ್ಕು ಇಟ್ಟಿಗೆ ಬೇಕು ಅಂತ ಹಟ ಹಿಡಿದಿದ್ದಳು. ಅವರ ಕಡೆಯ ಏನೋ ನಂಬಿಕೆ ಇರಬೇಕು. ಲಾಯದ ಮುರುಕು ರಾಶಿಯಿಂದ ಗೀರುಗೀರಿನ ನಾಲ್ಕು ಹಳೆಯ ಇಟ್ಟಿಗೆ ತಂದುಕೊಟ್ಟೆ. ಕೋಣೆಯ ಗೋಡೆ ತೇವ ಅಂತಲೂ ಗೊಣಗುತ್ತಾಳೆ. ಸುಖ ಹೆಚ್ಚಾದರೆ ಹೀಗೆ.

ನಿಮ್ಮ
ಲೀಲಾ

*

ಮೈಸೂರು
19 ಜೂನ್ 2023

ಚಿ. ಸೌ. ಲೀಲಾ,

ನಿನ್ನ ಕಾಗದ ಬಂದ ದಿನ ನಾನು ಊಟ ಮರೆತೆ. ನಿನ್ನಕ್ಕ ಇದ್ದಿದ್ದರೆ "ಕುದುರೆ ಅಂದ್ರೆ ಸಾಕು, ಹೆಂಡ್ತಿ ಯಾರು ಅಂತ ಕೇಳೋರು" ಅಂದಿರೋಳು. ಜಯಲಕ್ಷ್ಮಿ ಹೋಗಿ ಆರು ವರ್ಷವಾದರೂ ಬೈಗುಳ ಸಮಯಕ್ಕೆ ಸರಿಯಾಗಿ ಕೇಳಿಸುತ್ತದೆ, ಕಿವಿ ಇಲ್ಲದಿದ್ದರೂ.

ಲಾಯ ಅಂದರೆ ಇದು! ಕೋಣೆ ಹನ್ನೆರಡು ಅಡಿಗೆ ಹನ್ನೆರಡು. ನಮ್ಮ ಫಾರ್ಮಿನಲ್ಲಿ ಹತ್ತಕ್ಕೆ ಹತ್ತು ಕೊಡಿಸಲು ನಾನು ಮೂರು ಜನ ಮಾಲೀಕರ ಜೊತೆ ಜಗಳವಾಡಿದ್ದೇನೆ. ಬಾಗಿಲು ಎರಡು ಭಾಗ: ಮೇಲಿನದು ತೆರೆದಿದ್ದರೆ ಕುದುರೆ ಅಂಗಳ ನೋಡಿಕೊಂಡು ನಿಲ್ಲುತ್ತದೆ, ಬೇಜಾರಾಗುವುದಿಲ್ಲ. ಬೇಜಾರಾದ ಕುದುರೆ ಬಾಗಿಲಿನ ಮರವನ್ನು ಹಲ್ಲಿನಲ್ಲಿ ಕಚ್ಚಿ ಗಾಳಿ ನುಂಗುತ್ತದೆ, ಗೊತ್ತಾ? ಕಿಟಕಿ ತಲೆಗಿಂತ ಮೇಲೆ, ಮಾಡಿನ ತುದಿಯಲ್ಲಿ ಬಿಸಿಗಾಳಿ ಹೋಗಲು ಸಂದು. ಗಾಳಿ ಇದೆ, ಮೈಗೆ ಬಡಿಯುವುದಿಲ್ಲ. ನೆಲದ ಇಟ್ಟಿಗೆಗೆ ಗೀರು ಹಾಕಿದ್ದು ಗೊರಸು ಜಾರದಿರಲಿ ಅಂತ. ಇಳಿಜಾರು ನಲವತ್ತಕ್ಕೆ ಒಂದು: ಅದಕ್ಕಿಂತ ಹೆಚ್ಚಿದ್ದರೆ ನರ ಎಳೆಯುತ್ತದೆ, ಕಡಿಮೆಯಾದರೆ ಉಚ್ಚೆ ನಿಂತು ಗೊರಸು ಕೊಳೆಯುತ್ತದೆ. ಜೀನು ಮನೆಗೆ ಅಗ್ಗಿಷ್ಟಿಕೆ ಇದೆಯಲ್ಲ, ಅದು ತೊಗಲು ಒಣಗಿರಲಿ, ಬೂಸಲು ಹಿಡಿಯದಿರಲಿ ಅಂತ. ಇದನ್ನು ಹಾಕಿದ ಪುಣ್ಯಾತ್ಮನಿಗೆ ಕುದುರೆಯ ಭಾಷೆ ಬರುತ್ತಿತ್ತು.

ಉತ್ತರದ ಗೋಡೆಗೆ ಆತುಕೊಂಡು ಹಿಂದೆ ಐದು ಗೂಡುಗಳನ್ನು ಬರೆದಿದ್ದೀಯ. ಏಳಕ್ಕೆ ಐದು ಅಡಿ, ಕಿಟಕಿ ಇಲ್ಲ, ಬಾಗಿಲು ಕುಳ್ಳಗೆ. ಅವು ಬೇಟೆನಾಯಿಗಳ ಗೂಡು. ಆ ದೊರೆಗಳು ಕುದುರೆಯ ಜೊತೆ ನಾಯಿ ಹಿಂಡನ್ನೂ ಸಾಕುತ್ತಿದ್ದರು. ನಾಯಿಗೂ ಅದು ಚಿಕ್ಕದೇ, ಇರಲಿ. ವಾಸನೆ ಅಲ್ಲಿಂದಲೇ ಬರುತ್ತಿರಬೇಕು.

ನಿನ್ನ ಮ್ವಿಕಾಲಿಯ ಇಟ್ಟಿಗೆಗೆ ನಂಬಿಕೆ ಗಿಂಬಿಕೆ ಏನೂ ಇಲ್ಲ. ನಿನ್ನಕ್ಕನೂ ಇಡುತ್ತಿದ್ದಳು, ಮಂಚದ ಕೆಳಗೆ ಟ್ರಂಕು ನೂಕುವುದಕ್ಕೆ. ಇನ್ನಷ್ಟು ನಕ್ಷೆ ಕಳಿಸು. ಮುದುಕನಿಗೆ ಕೆಲಸ ಸಿಕ್ಕಿದೆ.

ಆಶೀರ್ವಾದಗಳೊಂದಿಗೆ
ಚಿದಾನಂದ

*

ಕಿಲಿಮಾನಿ
9 ಜುಲೈ 2023

ಭಾವ,

ನಾಯಿಗಳ ಮನೆ ಬೇರೆ ಇದೆ. ಅಂಗಳದ ಪೂರ್ವಕ್ಕೆ, ಮರದ ನೆರಳಿನಲ್ಲಿ. ಅದಕ್ಕೆ ಕಿಟಕಿ ಇದೆ.

ನೀವು ಗೂಡು ಅಂದ ಐದು ಕೋಣೆಗಳಲ್ಲಿ ಮನುಷ್ಯರಿದ್ದರು. ಕೋಣೆಗೆ ಇಬ್ಬರು, ಕುದುರೆಯಾಳುಗಳು. ಇದನ್ನು ಹೇಳಿದ್ದು ಎಸ್ಟೇಟಿನ ಕಾವಲುಗಾರ ಜೊರೊಗೆ. ಎಪ್ಪತ್ತು ದಾಟಿದ ಮನುಷ್ಯ. ಅವನ ಅಪ್ಪ ಎರಡನೇ ಕೋಣೆಯಲ್ಲಿ ಹದಿನಾರು ವರ್ಷ ಮಲಗಿದ್ದನಂತೆ. ಇಷ್ಟು ದಿನ ನಾನು ಅಳೆಯುವುದನ್ನು ದೂರದಿಂದ ನೋಡುತ್ತಿದ್ದವನು ಶುಕ್ರವಾರ ಬಕೆಟ್ಟಿನಲ್ಲಿ ನೀರು ತಂದು ನನ್ನ ಮುಂದೆ ಇಟ್ಟ. "ಎತ್ತರದ ಕಡೆಯ ಕುದುರೆ ಕೋಣೆಯಲ್ಲಿ ಸುರಿಯಿರಿ. ಆಮೇಲೆ ನೀರಿನ ಹಿಂದೆ ಹೋಗಿ," ಅಂದ.

ಸುರಿದೆ. ನಿಮ್ಮ ಪುಣ್ಯಾತ್ಮನ ಇಳಿಜಾರಿನಲ್ಲಿ ನೀರು ಒಂದು ಹನಿಯೂ ನಿಲ್ಲದೆ ಕೋಣೆಯಿಂದ ಕಾಲುವೆಗೆ ಇಳಿಯಿತು. ಎಂಟೂ ಕೋಣೆಗಳ ಕಾಲುವೆ ಉತ್ತರದ ಗೋಡೆಯ ಬುಡದಲ್ಲಿ ಒಂದಾಗುತ್ತದೆ. ಅಲ್ಲಿ ಒಂದು ತೂತು. ತೂತಿನಾಚೆ ಮೊದಲನೇ ಆಳಿನ ಕೋಣೆ. ನೀರು ಅದರ ನಡುಮಧ್ಯದಲ್ಲಿ ಹರಿದು, ಗೋಡೆ ತೂರಿ ಎರಡನೇ ಕೋಣೆಗೆ, ಮೂರನೆಯದಕ್ಕೆ, ಹೀಗೆ ಐದನ್ನೂ ದಾಟಿ ತಿಪ್ಪೆಗುಂಡಿಗೆ ಬಿತ್ತು. ಗೋಡೆಯ ಹೊರಗೆ ಸುತ್ತಿಸಿದ್ದರೆ ಮೂವತ್ತು ಅಡಿ ಹೆಚ್ಚು ಕಾಲುವೆ ಬೇಕಾಗುತ್ತಿತ್ತು. ಅಷ್ಟು ಉಳಿಸಿದ್ದಾರೆ. ಆಳುಗಳು ಕಾಲುವೆಯ ಮೇಲೆ ಅಡ್ಡಕ್ಕೆ ಹಲಗೆ ಹಾಕಿ ಮಲಗುತ್ತಿದ್ದರಂತೆ. ಈಗ ಇಲ್ಲಿ ಜುಲೈ ಚಳಿ, ಸ್ವೆಟರ್ ಇಲ್ಲದೆ ನಿಲ್ಲಲಾಗುವುದಿಲ್ಲ. ಜೀನಿಗೆ ಅಗ್ಗಿಷ್ಟಿಕೆ ಇತ್ತು, ಇವರಿಗೆ ಇರಲಿಲ್ಲ.

ಜೊರೊಗೆ ಎರಡನೇ ಕೋಣೆಯ ಬಾಗಿಲು ತೆರೆದು "ಕರಿಬು" ಅಂದ, ಮನೆಗೆ ಬಂದವರನ್ನು ಕರೆಯುವ ಹಾಗೆ. ಬಗ್ಗಿ ಒಳಗೆ ಹೋದೆ. ಅವನು ಹೊರಗಿನಿಂದ ಬಾಗಿಲು ಹಾಕಿದ. ಕತ್ತಲು. ಕಾಲಿನ ಕೆಳಗೆ ನೀರಿನ ಸದ್ದು. ಬಾಗಿಲಿನಾಚೆಯಿಂದ ಮೆಲ್ಲಗೆ ಹೇಳಿದ: "ನಮ್ಮಪ್ಪನಿಗೆ ಗಡಿಯಾರ ಬೇಕಿರಲಿಲ್ಲ. ಬೆಳಗ್ಗೆ ಕುದುರೆ ಎದ್ದರೆ ಗೊತ್ತಾಗುತ್ತಿತ್ತು. ಮೊದಲು ಬಿಸಿಯಾಗಿ ಬರುತ್ತಿತ್ತು."

ನಾನು ಹೊರಗೆ ಬಂದು ತಿಪ್ಪೆಗುಂಡಿಯ ಪಕ್ಕದಲ್ಲಿ ವಾಂತಿ ಮಾಡಿದೆ. ಅರವತ್ತು ವರ್ಷದ ಹಿಂದಿನ ಆ ವಾಸನೆ ನನ್ನ ಕಲ್ಪನೆಯಲ್ಲ ಭಾವ, ಅದು ಕಲ್ಲಿಗೇ ಹತ್ತಿದೆ. ಒಬ್ಬ ಮನುಷ್ಯ ಸ್ಕೇಲು ಹಿಡಿದು, ಪೆನ್ಸಿಲು ಚೂಪು ಮಾಡಿಕೊಂಡು, ಕೂತು ಬರೆದದ್ದು ಇದು. ತಪ್ಪಿ ಆದದ್ದಲ್ಲ. ಅವನ ಕೈಗೆ ಹುಳ ಬೀಳಲಿಲ್ಲವಾ ಅಂತ ನನ್ನ ಆಶ್ಚರ್ಯ.

ಸಂಜೆ ರಾಜೀವನಿಗೆ ಹೇಳಿದೆ. ಅವನು ಫೋನಿನಿಂದ ತಲೆ ಎತ್ತದೆ, "ಅಯ್ಯೋ ಅದಾ? ಅದನ್ನ 'ಲೇಟರ್ ಅಡಿಷನ್, ಮಹತ್ವ ಇಲ್ಲ' ಅಂತ ಬರೆದ್ಬಿಡಿ ಮೇಡಂ. ಅಲ್ಲಿ ಟಾಯ್ಲೆಟ್ ಬ್ಲಾಕ್ ಬರತ್ತೆ. ಡ್ರೈನ್ ಹೇಗೂ ರೆಡಿ ಇದೆಯಲ್ಲ," ಅಂದ. ಅಂದು ನಕ್ಕ. ಆ ನಗು ಈಗಲೂ ಬಾಯಲ್ಲಿ ಕಹಿಯಾಗಿ ಕೂತಿದೆ. ಅವು ಆಮೇಲೆ ಸೇರಿಸಿದ್ದಲ್ಲ. ಕಲ್ಲಿನ ಜೋಡಣೆ ನೋಡಿದರೆ ಲಾಯದ ಜೊತೆಯಲ್ಲೇ ಎದ್ದ ಗೋಡೆ. ಸುಳ್ಳಿಗೆ ಸಹಿ ಹಾಕೆಂದರೆ ಹಾಕುತ್ತೇನೆಯೇ? ಹೋಟೆಲಿಗೆ ಬಂದವರು ಸಲಾಡ್ ತಿಂದು ಎದ್ದು ಹೋಗಿ ಆ ಐದು ಕೋಣೆ ನೋಡಲಿ, ಕಕ್ಕಿಕೊಳ್ಳಲಿ. ಅಕ್ಟೋಬರ್ ಕೊನೆಗೆ ವರದಿ ಕೊಡಬೇಕು. ಅಲ್ಲಿಯವರೆಗೆ ಅವನು ಏನು ಬೇಕಾದರೂ ಕುಣಿಯಲಿ.

ಒಂದು ಕೇಳುತ್ತೇನೆ. ನಿಮ್ಮ ಫಾರ್ಮಿನಲ್ಲಿ ಕುದುರೆಯಾಳುಗಳು ಎಲ್ಲಿ ಮಲಗುತ್ತಿದ್ದರು? ನಾನು ಬಂದಾಗಲೆಲ್ಲ ನೀವು ಲಾಯ ತೋರಿಸಿದ್ದೀರಿ, ಅದನ್ನು ತೋರಿಸಿದ ನೆನಪಿಲ್ಲ.

ಐದು ಕೋಣೆಗಳ ನಕ್ಷೆ ಇಟ್ಟಿದ್ದೇನೆ. ಪ್ರಗತಿ ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಮುಗಿಸುತ್ತಿದ್ದೇನೆ.

ಲೀಲಾ

*

ಮೈಸೂರು
30 ಜುಲೈ 2023

ಪ್ರಿಯ ಲೀಲಾ,

ನಾಯಿಗೂಡು ಅಂದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಕುದುರೆಯ ಭಾಷೆ ಬಂದವನು ಅಂತ ಹೊಗಳಿದ್ದನ್ನೂ. ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಕಾಫಿ ಸೇರಲಿಲ್ಲ.

ನಮ್ಮ ಫಾರ್ಮಿನ ಆಳುಗಳ ವಿಷಯ ಕೇಳಿದ್ದೀಯ. ಅವರಿಗೇನು, ಆರಾಮಾಗಿದ್ದರು. ಅದು ಬೇರೆ ಕಾಲ. ಅದನ್ನು ಬಿಡು.

ಈಗ ಹಾಳೆಯ ಹಿಂಬದಿಗೆ ಬರುತ್ತೇನೆ. ಐದು ಕೋಣೆಗಳ ನಕ್ಷೆ ತಿರುಗಿಸಿದರೆ ಅಲ್ಲಿ ಇನ್ನೊಂದು ಕಟ್ಟಡವನ್ನು ಅಚ್ಚು ಹಾಕಿಸಿದ್ದೀಯ. ಯಾವುದು ಅಂತ ಬರೆದಿಲ್ಲ. ಹಾಳೆ ಅರ್ಧಕ್ಕೆ ಕತ್ತರಿಸಿದೆ. ಎಸ್ಟೇಟಿನಲ್ಲಿ ಆಮೇಲೆ ಬಂಗಲೆಯ ಹಿತ್ತಿಲಿಗೆ ಅಂಟಿಸಿ ಕಟ್ಟಿದ ಕೊಟ್ಟಿಗೆ ಇರಬೇಕು ಅಂದುಕೊಂಡು ಭೂತಗನ್ನಡಿ ಹಿಡಿದು ಸ್ಕೇಲ್ ಇಟ್ಟು ಅಳೆದೆ. ಲೀಲಾ, ಇದು ಆ ಐದಕ್ಕಿಂತ ಕೆಟ್ಟದ್ದು. ಏಳು ಅಡಿಗೆ ಐದೂಕಾಲು. ಹೊರಗೋಡೆಗೆ ಕಿಟಕಿಯೇ ಇಲ್ಲ. ಇರುವ ಒಂದೇ ಗಾಳಿಸಂದು ತೆರೆಯುವುದು ಒಗೆಯುವ ಅಂಗಳಕ್ಕೆ, ಅಂದರೆ ಒಳಗೆ ಬರುವುದು ಹಬೆ. ಅಂಗಳದ ನೀರು, ಅಡುಗೆಯ ನೀರು, ಕಕ್ಕಸಿನ ಪಕ್ಕದ ಬಚ್ಚಲಿನ ನೀರು, ಮೂರೂ ಕೂಡುವ ಜಾಲರಿ ಎಲ್ಲಿದೆ ಗೊತ್ತಾ? ಕೋಣೆಯ ಹೊಸ್ತಿಲ ಒಳಗೆ. ಬಾಣದ ಗುರುತು ನೋಡಿದೆ, ಇಳಿಜಾರು ಕೋಣೆಯ ಕಡೆಗೇ. ಜಾಲರಿ ಕಟ್ಟಿಕೊಂಡರೆ ನೀರು ಹೋಗುವ ಜಾಗ ಮಂಚದ ಕೆಳಗೆ. ಆ ದೊರೆಯ ಕಾಲುವೆಗೆ ಆಚೆಗೆ ಹೋಗುವ ದಾರಿಯಾದರೂ ಇತ್ತು. ಇಲ್ಲಿ ನಿಲ್ಲುತ್ತದೆ.

ಏನನ್ನು ಕಟ್ಟುತ್ತಿದ್ದರು ಇಲ್ಲಿ? ಗಿಡ್ಡ ಟಟ್ಟು ಕುದುರೆಯೂ ಹಿಡಿಸುವುದಿಲ್ಲ. 'ಡಿ.ಎಸ್.ಕ್ಯೂ.' ಅಂತ ಬರೆದಿದೆ, ಅದೇನೋ ನನಗೆ ಗೊತ್ತಿಲ್ಲ. ಇದನ್ನು ಬರೆದವನಿಗೆ ಪ್ರಾಣಿ ಕಂಡರೆ ಆಗುತ್ತಿರಲಿಲ್ಲ, ಅಷ್ಟು ಖಂಡಿತ. ಕೆಲಸ ಬಲ್ಲವನೇ, ಒಂದಿಂಚೂ ದಂಡ ಮಾಡಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ. ಹಳೆಯ ಅಭ್ಯಾಸಬಲದಿಂದ ಕೆಂಪು ಪೆನ್ಸಿಲಿನಲ್ಲಿ ಅದರ ಮೇಲೇ ಷರಾ ಬರೆದು ಹಾಳೆಯನ್ನು ಹಿಂದಕ್ಕೆ ಕಳಿಸಿದ್ದೇನೆ: "ಪರೀಕ್ಷಿಸಿದೆ. ಕರು ಕಟ್ಟಲೂ ಯೋಗ್ಯವಲ್ಲ." ನಿನ್ನ ವರದಿಗೆ ಬೇಕಾದರೆ ಉಪಯೋಗಿಸಿಕೋ. ಆ ರಾಜೀವನ ಮೂಗಿಗೆ ಹಿಡಿ.

ನಿನ್ನ ಭಾವ
ಚಿದಾನಂದ

*

ಮೈಸೂರು
10 ಸೆಪ್ಟೆಂಬರ್ 2023

ಲೀಲಾ,

ಪ್ರಗತಿ ಎರಡು ಸಲ ಬಂದು ಹೋದಳಂತೆ, ನಿನ್ನಿಂದ ಒಂದು ಸಾಲೂ ಇಲ್ಲ. ಅವಳ ಅಣ್ಣನನ್ನು ಕೇಳಿದೆ. "ಆಂಟಿ ಚೆನ್ನಾಗಿದ್ದಾರಂತೆ ಅಂಕಲ್, ಆದ್ರೆ ಕಾಗದ ಕೊಡ್ಲಿಲ್ವಂತೆ," ಅಂತ ಚೀಟಿಯಲ್ಲಿ ಬರೆದು ತೋರಿಸಿದ.

ಯಾಕೆ ಅಂತ ನನಗೆ ಗೊತ್ತು. ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ನೀನು ಚಿಕ್ಕವಳಿದ್ದಾಗಿನಿಂದ ಹೀಗೆ. ಜಾರಿಕೊಂಡವರ ಜೊತೆ ಮಾತು ಬಿಡುತ್ತೀಯ. ಬರೆಯುತ್ತೇನೆ, ಓದು.

ನಮ್ಮ ಫಾರ್ಮಿನಲ್ಲಿ ಆಳುಗಳು ಮಲಗುತ್ತಿದ್ದದ್ದು ಲಾಯದ ಓಣಿಯಲ್ಲಿ, ಹುಲ್ಲಿನ ಮೇಲೆ. ಗಬ್ಬದ ಕುದುರೆ ಇದ್ದರೆ ಅದರ ಕೋಣೆಯೊಳಗೇ. ಹಾಗೆ ಮಲಗಿಸಿ ಅಂತ ಹೇಳಿದ್ದು ನಾನು. ನೋವು ಶುರುವಾದರೆ ತಕ್ಷಣ ಗೊತ್ತಾಗಲಿ ಅಂತ. ಮಾದಪ್ಪ ಅಂತ ಒಬ್ಬನಿದ್ದ. ಒಂದು ಹೆಣ್ಣುಕುದುರೆ ನೋವಿನಲ್ಲಿ ಹೊರಳಿ ಅವನ ಮೇಲೆ ಬಿತ್ತು. ಸೊಂಟ ಮುರಿಯಿತು. ನಾನು ಎರಡು ಪುಟ ವರದಿ ಬರೆದೆ: ಕುದುರೆಯ ಹಿಂಗಾಲಿನ ಊತ, ಮರಿಯ ತೂಕ, ಹಾಲು. ಕೊನೆಗೆ ಒಂದು ಸಾಲು: "ಆಳನ್ನು ಬದಲಾಯಿಸಲಾಗಿದೆ." ಅಷ್ಟೇ. ಅವನು ಆಮೇಲೆ ನಡೆದನೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಲಿಲ್ಲ. ಹೊಸ ಆಳನ್ನೂ ಅಲ್ಲೇ ಮಲಗಿಸಿದೆವು.

ಇದನ್ನು ನಿನ್ನಕ್ಕನಿಗೂ ಹೇಳಿರಲಿಲ್ಲ. ನಿನ್ನ ಆ ಜೊರೊಗೆಯ ಅಪ್ಪನ ಮಾತು ಓದಿದ ಮೇಲೆ ನನ್ನ ಕೈ ಮೂಸಿಕೊಂಡರೆ ವಾಸನೆ ಬರುತ್ತದೆ. ಬೈಯುವುದಿದ್ದರೆ ಬೈದು ಬರೆ. ಸುಮ್ಮನಿರಬೇಡ.

ಚಿದಾನಂದ

*

ಕಿಲಿಮಾನಿ
1 ಅಕ್ಟೋಬರ್ 2023

ಭಾವ,

ನಿಮ್ಮ ಮೇಲೆ ನನಗೆ ಕೋಪವಿರಲಿಲ್ಲ. ನೀವು ಉತ್ತರ ಕೊಡಲಿಲ್ಲ ಅನ್ನುವುದನ್ನೇ ನಾನು ಮರೆತಿದ್ದೆ. ಮಾದಪ್ಪನ ವಿಷಯ ಓದಿದೆ. ಸಮಾಧಾನ ಹೇಳುವುದಿಲ್ಲ. ಹೇಳಿದರೆ ಅದರಲ್ಲಿ ಅರ್ಧ ನಾನೇ ತೆಗೆದುಕೊಂಡ ಹಾಗಾಗುತ್ತದೆ.

ಹಾಳೆಯ ಹಿಂಬದಿಯಲ್ಲಿ ಇದ್ದದ್ದು ಎಸ್ಟೇಟಿನ ಕೊಟ್ಟಿಗೆ ಅಲ್ಲ. ಅವಸರದಲ್ಲಿ ಆಫೀಸಿನ ಹಳೆಯ ಪ್ರಿಂಟ್ ಒಂದನ್ನು ಅರ್ಧ ಕತ್ತರಿಸಿ ಅದರ ಬೆನ್ನಿಗೆ ಐದು ಕೋಣೆ ಬರೆದುಕೊಟ್ಟಿದ್ದೆ. ಆ ಪ್ರಿಂಟ್ ಈ ಅಪಾರ್ಟ್‌ಮೆಂಟಿನದು. ನಾಲ್ಕನೇ ಮಹಡಿ. ಡಿ.ಎಸ್.ಕ್ಯೂ. ಅಂದರೆ ಮನೆಗೆಲಸದವರ ಕೋಣೆ. ಇಲ್ಲಿ ಎಲ್ಲ ಫ್ಲ್ಯಾಟಿಗೂ ಒಂದು ಇರುತ್ತದೆ. ನೀವು ಭೂತಗನ್ನಡಿ ಹಿಡಿದು ಅಳೆದದ್ದು ಮ್ವಿಕಾಲಿಯ ಕೋಣೆಯನ್ನು. ಪ್ರಾಣಿ ಕಂಡರೆ ಆಗದವಳು ನಾನು.

ನಿಮ್ಮ ಕಾಗದ ಬಂದ ದಿನ ನಾನು ಆ ಕೋಣೆಯ ಮುಂದೆ ನಿಂತೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ. ಅವಳ ಖಾಸಗಿ ಜಾಗ, ಹೋಗಬಾರದು ಅಂತ ನನಗೆ ನಾನೇ ದೊಡ್ಡ ಮನುಷ್ಯಳ ಹಾಗೆ ಹೇಳಿಕೊಳ್ಳುತ್ತಿದ್ದೆ. ಬಾಗಿಲು ತಟ್ಟಿದೆ. ಅವಳು ಗಾಬರಿಯಾಗಿ, "ಕರಿಬು" ಅಂದಳು.

ಮಂಚದ ನಾಲ್ಕು ಕಾಲಿಗೂ ಆ ಲಾಯದ ಇಟ್ಟಿಗೆ. ಗೋಡೆಯಲ್ಲಿ ನೆಲದಿಂದ ಒಂದು ಗೇಣಿನವರೆಗೆ ಕಪ್ಪು ಗೆರೆ. ಚಾಪೆ, ಚಪ್ಪಲಿ, ಬಟ್ಟೆಯ ಚೀಲ, ಬೈಬಲ್ಲು, ಎಲ್ಲವೂ ಮೊಳೆಗೆ ನೇತುಹಾಕಿದೆ. ನೆಲದ ಮೇಲೆ ಒಂದು ವಸ್ತುವಿಲ್ಲ. ನನಗೆ ವಾಸನೆ ಬಂತು ಭಾವ. ಜೂನ್‌ನಿಂದ ಮೂಗಿಗೆ ಹತ್ತಿದ್ದು, ಸ್ನಾನ ಮಾಡಿದರೂ ಹೋಗದಿದ್ದದ್ದು. ನಾನು ಅದನ್ನು ಥಾರ್ನ್‌ಕೋಟಿನಿಂದ ಮನೆಗೆ ತರುತ್ತಿರಲಿಲ್ಲ. ಅದು ಮನೆಯಲ್ಲೇ ಇತ್ತು.

ವಾಷಿಂಗ್ ಮೆಷಿನ್ ಹಾಕು ಅಂದೆ. "ಇವತ್ತು ಗುರುವಾರ ಅಲ್ಲವಲ್ಲ ಮೇಡಂ," ಅಂದಳು. ಹಾಕು ಅಂದೆ. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಕೂತೆ. ಗಾಳಿಸಂದಿನಿಂದ ಹಬೆ ಬಂತು. ಆಮೇಲೆ ಜಾಲರಿ ಗುಳುಗುಳು ಅಂದು ಬೂದುಬಣ್ಣದ ನೀರು ಮೇಲಕ್ಕೆ ಬಂತು, ನನ್ನ ಸೀರೆಯ ಸೋಪಿನ ನೊರೆ, ಬೆಳಗಿನ ಸಾರಿನ ಕರಿಬೇವು, ನನ್ನದೇ ಕೂದಲು. ಇಟ್ಟಿಗೆಯ ಅರ್ಧದವರೆಗೆ ಏರಿ ನಿಂತಿತು. ಮೊದಲು ಬಿಸಿಯಾಗಿತ್ತು.

"ನಿಲ್ಲಿಸಲಾ ಮೇಡಂ?" ಅಂತ ಹೊರಗಿನಿಂದ ಕೇಳಿದಳು. ಬೇಡ, ಪೂರ್ತಿ ಆಗಲಿ ಅಂದೆ.

ಹೊರಗೆ ಬಂದು, ಒದ್ದೆ ಕಾಲಿನಲ್ಲೇ ಕೇಳಿದೆ: "ಗೋಡೆ ತೇವ ಅಂದೆ, ಇಟ್ಟಿಗೆ ಕೇಳಿದೆ. ನೀರು ಬರುತ್ತದೆ ಅಂತ ಯಾಕೆ ಹೇಳಲಿಲ್ಲ ಮ್ವಿಕಾಲಿ?"

ಅವಳು ಒರೆಸುವ ಬಟ್ಟೆ ಹುಡುಕುತ್ತಿದ್ದಳು. "ಮನೆ ಬರೆದವರು ನೀವು ಅಂತ ಎಲ್ಲರೂ ಹೇಳುತ್ತಾರೆ. ನಿಮಗೆ ಗೊತ್ತೇ ಇರುತ್ತದೆ ಅಂದುಕೊಂಡೆ," ಅಂದಳು. ಆಮೇಲೆ ನನ್ನ ಸೀರೆಯ ಅಂಚು ನೋಡಿ, "ಪೋಲೆ, ಮೇಡಂ," ಅಂತ ನನ್ನನ್ನೇ ಸಂತೈಸಿದಳು.

ಆವತ್ತಿನಿಂದ ನಿಮಗೆ ಬರೆಯಲು ಕೂತಾಗಲೆಲ್ಲ ಕೈಗೆ ಅಸಹ್ಯವಾಗುತ್ತಿತ್ತು. ಆ ದೊರೆಗೆ, ರಾಜೀವನಿಗೆ ಎಷ್ಟು ಬೈದಿದ್ದೆ! ಅವರ ಕೈಗೆ ಹುಳ ಬೀಳಲಿಲ್ಲವಾ ಅಂತ ಕೇಳಿದ್ದೆ.

ಮ್ವಿಕಾಲಿ ಈಗ ಅತಿಥಿಗಳ ಕೋಣೆಯಲ್ಲಿದ್ದಾಳೆ. "ಅದು ನಿಮ್ಮ ಭಾವನವರ ಕೋಣೆ, ಅವರು ಬಂದರೆ?" ಅಂತ ಒಂದು ವಾರ ಒಪ್ಪಲಿಲ್ಲ. ಬಂದರೆ ನೀವು ಸೋಫಾದ ಮೇಲೆ ಮಲಗುತ್ತೀರಿ ಅಂತ ನಿಮ್ಮ ಪರವಾಗಿ ಮಾತು ಕೊಟ್ಟಿದ್ದೇನೆ. ಅವಳು ಹೋಗುವಾಗ ನಾಲ್ಕು ಇಟ್ಟಿಗೆಯನ್ನೂ ಜೊತೆಗೆ ತೆಗೆದುಕೊಂಡು ಹೋದಳು. ಅಲ್ಲಿ ನೀರು ಬರುವುದಿಲ್ಲ ಅಂದೆ. ನಕ್ಕಳು, ಆದರೂ ಮಂಚದ ಕಾಲಿಗೆ ಇಟ್ಟಳು.

ಇದು ಒಂದು ಮನೆಯ ಮಾತು. ಈ ಕಟ್ಟಡದಲ್ಲಿ ಅಂಥ ಕೋಣೆ ಇಪ್ಪತ್ತನಾಲ್ಕು ಇವೆ. ನಿವಾಸಿಗಳ ಸಭೆಯಲ್ಲಿ ಎತ್ತಿದೆ. ರಾಜೀವನೇ ಅಧ್ಯಕ್ಷ. "ಈಗ್ಯಾಕೆ ಮೇಡಂ ಇದೆಲ್ಲಾ? ಫ್ಲ್ಯಾಟ್ ರೇಟ್ ಬೀಳತ್ತೆ," ಅಂದ. ಎಲ್ಲರೂ ತಲೆಯಾಡಿಸಿದರು. ಸಭೆ ಮುಗಿದ ಮೇಲೆ ಲಿಫ್ಟಿನ ಹತ್ತಿರ ನನ್ನನ್ನು ತಡೆದು, ಮೆತ್ತಗೆ ಹೇಳಿದ: "ಆ ಐದು ರೂಮ್ ಉಳಿಸ್ಬೇಕು ಅಂತ ನೀವು ರಿಪೋರ್ಟ್ ಕೊಟ್ರೆ, ನಾನು ಕೌಂಟಿಯವರಿಗೆ ಈ ಬಿಲ್ಡಿಂಗ್ ಪ್ಲಾನ್ ತೋರಿಸ್ತೀನಿ. ಇಂಥವರು ಬಂದು ನಮಗೆ ಪಾಠ ಹೇಳ್ತಾರಾ ಅಂತ ಕೇಳ್ತೀನಿ. ಸುಮ್ನೆ 'ಮಹತ್ವ ಇಲ್ಲ' ಅಂತ ಬರೀರಿ. ಇಬ್ರಿಗೂ ಒಳ್ಳೇದು." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು. ನಾನು ಮತ್ತು ಅವನು ಒಂದೇ ಲಿಫ್ಟಿನಲ್ಲಿ ಮೇಲೆ ಹೋದೆವು.

ಹತ್ತು ದಿನ, ಅವನು ಹೇಳಿದ ಹಾಗೆ ಬರೆದುಬಿಡುವ ಮನಸ್ಸು ಬಂದಿತ್ತು ಅಂತ ನಿಮಗೆ ಹೇಳಿಬಿಡುತ್ತೇನೆ. ಸುಮ್ಮನಿದ್ದದ್ದು ಅದಕ್ಕೂ.

ಈಗ ತೀರ್ಮಾನ ಮಾಡಿದ್ದೇನೆ. ಐದು ಕೋಣೆ ಮೂಲ ಕಟ್ಟಡದ ಭಾಗ, ಕೆಡವುವಂತಿಲ್ಲ ಅಂತ ಬರೆದಿದ್ದೇನೆ. ಜೊರೊಗೆ ಹೇಳಿದ್ದನ್ನು ಅವನ ಅಪ್ಪನ ಹೆಸರು ಹಾಕಿಯೇ ಸೇರಿಸಿದ್ದೇನೆ. ಮತ್ತು ಆ ಪುಟದ ಎದುರಿಗೆ, ಅದೇ ಅಳತೆಯಲ್ಲಿ, ನಮ್ಮ ನಾಲ್ಕನೇ ಮಹಡಿಯ ಕೋಣೆಯ ನಕ್ಷೆಯನ್ನು ಇಡುತ್ತಿದ್ದೇನೆ. ರಾಜೀವ್ ತೋರಿಸುವುದಕ್ಕಿಂತ ಮುಂಚೆ ನಾನೇ ತೋರಿಸುತ್ತೇನೆ. ಇದಾದ ಮೇಲೆ ಈ ಊರಿನಲ್ಲಿ ಯಾರೂ ನನ್ನಿಂದ ಮನೆ ಬರೆಸುವುದಿಲ್ಲ. ಬರೆಸದಿರಲಿ.

ಅದಕ್ಕೇ ನಿಮ್ಮ ಕೆಂಪು ಪೆನ್ಸಿಲಿನ ಹಾಳೆಯನ್ನು ಈ ಕಾಗದದ ಜೊತೆ ಮತ್ತೆ ನಿಮಗೆ ಕಳಿಸಿದ್ದೇನೆ. ಷರಾ ಬರೆದಿದ್ದೀರಿ, ಸಹಿ ಹಾಕಿಲ್ಲ. ಯೋಚಿಸಿ, ಒಪ್ಪಿಗೆಯಾದರೆ ಅದರ ಕೆಳಗೆ ನಿಮ್ಮ ಪೂರ್ತಿ ಹೆಸರು, ಪಶುವೈದ್ಯರು ಅಂತ ಹಾಕಿ, ಸಹಿ ಮಾಡಿ ಇಪ್ಪತ್ತರೊಳಗೆ ಸಿಗುವ ಹಾಗೆ ಪ್ರಗತಿಯ ಕೈಯಲ್ಲಿ ಕೊಡಿ. ಕತ್ತರಿಸಿದ ಇನ್ನೊಂದು ಅರ್ಧ ನನ್ನ ಹತ್ತಿರ ಇದೆ. ಎರಡನ್ನೂ ಅಂಟಿಸಬೇಕು. ನನ್ನ ಸಹಿ ಆ ಅರ್ಧದಲ್ಲಿ ಹದಿನೈದು ವರ್ಷದಿಂದ ಇದೆ.

ಲೀಲಾ